ವೆಬ್ ಸರ್ವಿಸ್ ದೋಷಶೋಧನೆ: ಮೊದಲು ರಿಕ್ವೆಸ್ಟ್ ನೋಡಿ, ಕೋಡ್ ಆಮೇಲೆ

ಪುಣೆಯಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗವಿದೆ. ಪ್ರತಿ ವರ್ಷ ರಾಜ್ಯೋತ್ಸವದ ಸಮಯಕ್ಕೆ ಒಂದು ನಾಟಕ ಆಡಿಸುತ್ತೇವೆ. ಅದರ ಸೀಟುಗಳನ್ನು ಕಾಯ್ದಿರಿಸಲು ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಾವು ಮೂವರು ಬಿಡುವಿನ ವೇಳೆಯಲ್ಲಿ ಒಂದು ವ್ಯವಸ್ಥೆ ಕಟ್ಟಿದೆವು. ಮೊಬೈಲಿನಲ್ಲಿ ತೆರೆಯುವ ಒಂದು ಪುಟ, ಅದರ ಹಿಂದೆ ಬುಕಿಂಗ್ ಸರ್ವಿಸ್ (ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮ್), ಆ ಸರ್ವಿಸ್ ಕರೆಯುವ ಪಾವತಿ ಸರ್ವಿಸ್ ಮತ್ತು ಎಸ್‌ಎಂಎಸ್ ಸರ್ವಿಸ್ ಇವಿಷ್ಟೇ ಅದರ ಭಾಗಗಳು. ಇಷ್ಟು ಚಿಕ್ಕದಾದರೂ, ಕಚೇರಿಯ ದೊಡ್ಡ ದೊಡ್ಡ ಪ್ರಾಜೆಕ್ಟುಗಳಲ್ಲಿ ಕಂಡ ದೋಷಗಳ ಬಹುಪಾಲು ಇಲ್ಲಿಯೂ ಎದುರಾದವು. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಮೊದಲ ಕೆಲಸಕ್ಕೆಂದು ಪುಣೆಗೆ, ಮುಂಬೈಗೆ ಬರುವ ಹುಡುಗ ಹುಡುಗಿಯರಿಗೆ ಕೋಡ್ ಬರೆಯುವುದು ಚೆನ್ನಾಗಿ ಗೊತ್ತಿರುತ್ತದೆ, ಆದರೆ ಬರೆದದ್ದು ಕೆಟ್ಟಾಗ ಎಲ್ಲಿಂದ ಹುಡುಕಲು ಆರಂಭಿಸಬೇಕೆಂಬುದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಈ ಲೇಖನವನ್ನು ಅವರಿಗಾಗಿ ಬರೆದಿದ್ದೇನೆ.

ಎಲ್ಲ ಹಂತಗಳ ಹಿಂದೆಯೂ ಇರುವ ವಿಚಾರ ಒಂದೇ. ಎರಡು ಪ್ರೋಗ್ರಾಮ್‌ಗಳ ನಡುವಿನ ವ್ಯವಹಾರ ಕೆಟ್ಟಾಗ, ಎರಡೂ ಕಡೆಯ ಕೋಡ್ ನಮಗೆ ತಿಳಿಸುವುದು ಅದನ್ನು ಬರೆದವರ ಉದ್ದೇಶವನ್ನಷ್ಟೇ. ನಿಜವಾಗಿ ಹೋದದ್ದೇನು, ಬಂದದ್ದೇನು ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಅವುಗಳ ನಡುವೆ ಹಾದುಹೋದ ರಿಕ್ವೆಸ್ಟ್ (ಒಂದು ಕಳುಹಿಸಿದ ಕೋರಿಕೆ) ಮತ್ತು ರೆಸ್ಪಾನ್ಸ್ (ಇನ್ನೊಂದು ಕೊಟ್ಟ ಉತ್ತರ) ಮಾತ್ರ. ಆ ಸಾಕ್ಷಿಯನ್ನು ನೋಡುವ ಮೊದಲೇ ಕೋಡ್ ತೆರೆದು ಕುಳಿತವರು ಗಂಟೆಗಟ್ಟಲೆ ಕಳೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ನಾನೂ ಹಾಗೆ ಕಳೆದುಕೊಂಡಿದ್ದೇನೆ.

ಹಂತ 1: ದೂರನ್ನು ಪೂರ್ತಿ ಕೇಳಿಸಿಕೊಳ್ಳಿ

ಬುಕಿಂಗ್ ಆರಂಭವಾದ ದಿನ ಬೆಳಿಗ್ಗೆ ಕೋಥ್ರೂಡಿನ ಹಿರಿಯರೊಬ್ಬರು ಫೋನ್ ಮಾಡಿ, ಸೀಟು ಸಿಗುತ್ತಿಲ್ಲ, ಬುಕಿಂಗ್ ಇನ್ನೂ ತೆರೆದಿಲ್ಲವೆಂದು ಬರುತ್ತಿದೆ ಎಂದರು. ನಾವು ಮೂವರೂ ನಮ್ಮ ನಮ್ಮ ಫೋನಿನಲ್ಲಿ ನೋಡಿದೆವು. ಎಲ್ಲವೂ ಸರಿಯಾಗಿಯೇ ಇತ್ತು. ಅವರೇ ಏನೋ ತಪ್ಪಾಗಿ ಒತ್ತಿರಬೇಕೆಂದು ಬಿಟ್ಟುಬಿಡುವುದು ಆ ಹೊತ್ತಿಗೆ ಸುಲಭವಾಗಿತ್ತು. ನಮ್ಮಲ್ಲಿ ಧಾರವಾಡದ ಹುಡುಗಿ ಹಾಗೆ ಬಿಡಲಿಲ್ಲ.

“ಕಾಕಾರ, ನೀವು ಬಟನ್ ಒತ್ತಿದಾಗ ಎಷ್ಟ ಗಂಟೆ ಆಗಿತ್ರಿ?”

“ರಾತ್ರಿ ನಿದ್ದಿ ಬರಲಿಲ್ಲವಾ. ಹತ್ತನೇ ತಾರೀಖಿಗೆ ಚಾಲೂ ಅಂತ ಹೇಳಿದ್ರಲ್ಲ, ಹನ್ನೆರಡೂವರೀಕ ಎದ್ದ ಒತ್ತಿದೆ ನೋಡು.”

ದೋಷ ಆ ಒಂದು ಮಾತಿನಲ್ಲೇ ಇತ್ತು. ನಮ್ಮ ಸರ್ವರ್ ನಡೆಯುತ್ತಿದ್ದದ್ದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಮ್ಮಲ್ಲಿ ಹತ್ತನೇ ತಾರೀಖಿನ ರಾತ್ರಿ 12.30 ಆದಾಗ ಸರ್ವರಿನಲ್ಲಿ ಇನ್ನೂ ಒಂಬತ್ತನೇ ತಾರೀಖಿನ ಸಂಜೆ 7 ಗಂಟೆ. ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ಮಾತ್ರ ಕಾಣಿಸಿಕೊಂಡು, ಎಲ್ಲರೂ ಕೆಲಸಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಮಾಯವಾಗುವ ಈ ಬಗೆಯ ದೋಷವನ್ನು ಹಗಲಿನಲ್ಲಿ ಎಷ್ಟು ಬಾರಿ ಪರೀಕ್ಷಿಸಿದರೂ ಹಿಡಿಯಲಾಗುವುದಿಲ್ಲ.

ಆದ್ದರಿಂದ ಯಾರೇ ದೂರು ತಂದರೂ, “ಕೆಲಸ ಮಾಡುತ್ತಿಲ್ಲ” ಎಂಬ ಮಾತಿಗೆ ನಿಲ್ಲದೆ, ಯಾವ ಹೊತ್ತು, ಯಾವ ಫೋನು ಅಥವಾ ಬ್ರೌಸರ್, ಯಾವ ಖಾತೆ, ಪರದೆಯ ಮೇಲೆ ಅಕ್ಷರಶಃ ಏನು ಬಂತು, ಒಮ್ಮೆ ಮಾತ್ರ ಆಯಿತೇ ಅಥವಾ ಪ್ರತಿ ಸಲವೂ ಆಗುತ್ತಿದೆಯೇ ಎಂಬುದನ್ನು ಕೇಳಿ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಅದರ ಮೇಲ್ತುದಿಯಲ್ಲಿ ಗಡಿಯಾರವೂ ಇರುತ್ತದೆ.

ಹಂತ 2: ಒಂದೇ ಒಂದು ರಿಕ್ವೆಸ್ಟನ್ನು ಬೇರ್ಪಡಿಸಿ

ಇನ್ನು ಮುಂದಿನ ಕೆಲಸ ಪುಟದ ಬಟನ್ನುಗಳನ್ನು ಬಿಟ್ಟು ಅವುಗಳ ಕೆಳಗಿನ ರಿಕ್ವೆಸ್ಟನ್ನು ಹಿಡಿಯುವುದು. ಕ್ರೋಮ್ ಅಥವಾ ಫೈರ್‌ಫಾಕ್ಸಿನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಎಂಬ ಟ್ಯಾಬಿಗೆ ಹೋದರೆ ಪುಟ ಕಳುಹಿಸಿದ ಪ್ರತಿಯೊಂದು ರಿಕ್ವೆಸ್ಟೂ ಸಾಲಾಗಿ ಕಾಣುತ್ತದೆ. ಬೇಕಾದ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಕರ್ಲ್’ ಎಂಬುದನ್ನು ಆರಿಸಿಕೊಂಡರೆ ಅದೇ ರಿಕ್ವೆಸ್ಟನ್ನು ಟರ್ಮಿನಲ್ಲಿನಿಂದ ಮತ್ತೆ ಕಳುಹಿಸಲು ಬೇಕಾದ ಕಮಾಂಡ್ ಸಿದ್ಧವಾಗಿ ಸಿಗುತ್ತದೆ. ಕರ್ಲ್ ಎಂಬುದು 1998ರಿಂದ ಬಳಕೆಯಲ್ಲಿರುವ ಉಚಿತ ಸಾಧನ. ಈ ಕೆಲಸಕ್ಕೆ ಅದಕ್ಕಿಂತ ನಂಬಿಗಸ್ತವಾದದ್ದು ನನಗೆ ಸಿಕ್ಕಿಲ್ಲ. ಚಿತ್ರಾತ್ಮಕ ಪರದೆ ಬೇಕೆನ್ನುವವರು ಪೋಸ್ಟ್‌ಮ್ಯಾನ್ ಬಳಸಬಹುದು. ಆದರೆ ಪೋಸ್ಟ್‌ಮ್ಯಾನ್ ತಾನಾಗಿ ಕೆಲವು ಹೆಡರುಗಳನ್ನು (ರಿಕ್ವೆಸ್ಟಿನ ಜೊತೆ ಹೋಗುವ ವಿವರದ ಸಾಲುಗಳನ್ನು) ಸೇರಿಸುತ್ತದೆ ಎಂಬುದನ್ನು ಮರೆಯಬಾರದು. “ಪೋಸ್ಟ್‌ಮ್ಯಾನಿನಲ್ಲಿ ನಡೆಯುತ್ತದೆ, ನನ್ನ ಕೋಡಿನಲ್ಲಿ ನಡೆಯುವುದಿಲ್ಲ” ಎಂಬ ದೂರಿನಲ್ಲಿ ವ್ಯತ್ಯಾಸ ಅಡಗಿರುವುದು ಅನೇಕ ವೇಳೆ ಆ ಹೆಡರುಗಳಲ್ಲೇ.

ಕರ್ಲ್‌ನ ವಿವರಗಳನ್ನು ತೋರಿಸುವ ವರ್ಬೋಸ್ ಆಯ್ಕೆಯನ್ನು ಹಾಕಿ ಕಳುಹಿಸಿದಾಗ ನಾಲ್ಕು ವಿಷಯಗಳನ್ನು ನಿಧಾನವಾಗಿ ಓದಿ: ವಿಳಾಸ, ಮೆಥಡ್ (ಗೆಟ್, ಪೋಸ್ಟ್ ಮುಂತಾದ ಕ್ರಿಯೆಯ ಬಗೆ), ಹೆಡರುಗಳು, ಬಾಡಿ (ಕಳುಹಿಸುವ ಮಾಹಿತಿ; ಇದನ್ನು ಕಮಾಂಡಿನಲ್ಲೇ ನೋಡಿ). ಕೆಲವೊಮ್ಮೆ ಬುಕಿಂಗ್ ಸರ್ವಿಸಿಗೆ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಕಳುಹಿಸುತ್ತಿದ್ದರೂ ಬಾಡಿಯ ಬಗೆಯನ್ನು ಹೇಳುವ ಕಂಟೆಂಟ್-ಟೈಪ್ ಹೆಡರಿನಲ್ಲಿ ಅದನ್ನು ಹೇಳಿರುವುದಿಲ್ಲ. ವಿಳಾಸದ ಕೊನೆಯ ಓರೆಗೆರೆ ಬಿಟ್ಟುಹೋಗಿದ್ದರಿಂದ ಸರ್ವರ್ ರೀಡೈರೆಕ್ಟ್ ಮಾಡಿ, ಆ ಸಂದರ್ಭದಲ್ಲಿ ಪೋಸ್ಟ್ ಎಂಬುದು ಗೆಟ್ ಆಗಿ ಬಾಡಿ ಕಳೆದುಹೋಗಿರುತ್ತದೆ. ಟೆಸ್ಟ್ ಸರ್ವರಿಗೆ ಹೋಗಬೇಕಾದದ್ದು ಬೇರೊಂದು ಸರ್ವರಿಗೆ ಹೋಗುತ್ತಿರುತ್ತದೆ. ಇಂಥವು ಕೋಡ್ ಓದುವಾಗ ಕಣ್ಣಿಗೆ ಬೀಳುವುದು ಕಷ್ಟ, ಇಲ್ಲಿ ತಕ್ಷಣ ಬೀಳುತ್ತವೆ.

ಈ ಕಮಾಂಡನ್ನು ಸಹೋದ್ಯೋಗಿಗಳಿಗೆ ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವ ಮುನ್ನ ಅದರೊಳಗಿನ, ಲಾಗಿನ್ ಆದವರನ್ನು ಗುರುತಿಸುವ ಕುಕಿ, ಟೋಕನ್‌ಗಳನ್ನು ತೆಗೆದುಹಾಕಿ. ಟೋಕನ್ ಒಳಗೇನಿದೆ ಎಂದು ನೋಡಲು ಅದನ್ನು ಯಾವುದೋ ಅಪರಿಚಿತ ಜಾಲತಾಣದಲ್ಲಿ ಅಂಟಿಸುವ ಅಭ್ಯಾಸವೂ ಒಳ್ಳೆಯದಲ್ಲ. ಜೇಡಬ್ಲ್ಯೂಟಿ ಎಂಬ ಬಗೆಯ ಟೋಕನ್ನಿನ ಮೊದಲ ಎರಡು ಭಾಗಗಳು ಗುಪ್ತಲಿಪಿಯಲ್ಲ, ಬರೀ ಬೇಸ್64 ರೂಪ. ನಿಮ್ಮ ಕಂಪ್ಯೂಟರಿನಲ್ಲೇ ಅವನ್ನು ಬಿಡಿಸಿ ಓದಬಹುದು. ಹಾಗೆ ಓದುವಾಗ ಅವಧಿ ಮುಗಿಯುವ ಸಮಯವನ್ನು ಗಮನಿಸಿ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರಬೇಕು. ಜಾವಾಸ್ಕ್ರಿಪ್ಟ್ ಸಮಯವನ್ನು ಕೊಡುವುದು ಮಿಲಿಸೆಕೆಂಡುಗಳಲ್ಲಿ. ಸಾವಿರದಿಂದ ಭಾಗಿಸಲು ಮರೆತರೆ ಒಂದು ಗಂಟೆಯ ಟೋಕನ್ ಸಾವಿರಾರು ವರ್ಷ ಬಾಳುವ ಟೋಕನ್ ಆಗುತ್ತದೆ. ಎಲ್ಲವೂ ನಡೆಯುತ್ತಲೇ ಇರುವುದರಿಂದ ಇದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ.

ಹಂತ 3: ಉತ್ತರ ಕೊಟ್ಟವರು ಯಾರು ಎಂದು ಕೇಳಿಕೊಳ್ಳಿ

ರೆಸ್ಪಾನ್ಸಿನ ಜೊತೆ ಬರುವ ಮೂರಂಕಿಯ ಸ್ಟೇಟಸ್ ಕೋಡುಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಆದರೆ ಜೋಡಿಯಾಗಿ ಬಂದು ಗೊಂದಲ ಹುಟ್ಟಿಸುವ ಕೆಲವನ್ನು ಬೇರ್ಪಡಿಸಿ ತಿಳಿದಿರಬೇಕು. 401 ಎಂದರೆ ನೀವು ಯಾರೆಂದು ನನಗೆ ತಿಳಿದಿಲ್ಲ ಎಂದರ್ಥ. 403 ಎಂದರೆ ತಿಳಿದಿದೆ, ಆದರೆ ನಿಮಗೆ ಅನುಮತಿಯಿಲ್ಲ. 400ರಲ್ಲಿ ರಿಕ್ವೆಸ್ಟಿನ ರೂಪವೇ ಅರ್ಥವಾಗುವುದಿಲ್ಲ. 422ರಲ್ಲಿ ರೂಪ ಸರಿಯಿದ್ದು ಒಳಗಿನ ಮಾಹಿತಿ ಒಪ್ಪಿತವಾಗುವುದಿಲ್ಲ. 502 ಮತ್ತು 504 ಎರಡೂ ನಿಮ್ಮ ಸರ್ವಿಸಿನ ಮುಂದೆ ನಿಂತು ರಿಕ್ವೆಸ್ಟುಗಳನ್ನು ದಾಟಿಸುವ ಪ್ರಾಕ್ಸಿ ಹೇಳುವ ಮಾತುಗಳು. ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬುದು ಮೊದಲನೆಯದು, ಹೊತ್ತಿಗೆ ಬರಲೇ ಇಲ್ಲ ಎಂಬುದು ಎರಡನೆಯದು.

ಇದಕ್ಕಿಂತ ಮುಖ್ಯವಾದದ್ದು ಆ ಉತ್ತರ ಯಾರಿಂದ ಬಂತು ಎಂಬ ಪ್ರಶ್ನೆ. 404 (ಕೇಳಿದ್ದು ಸಿಗಲಿಲ್ಲ) ಬಂದಾಗ ಅದನ್ನು ಹೇಳಿದ್ದು ನಿಮ್ಮ ಪ್ರೋಗ್ರಾಮ್ ಆಗಿದ್ದರೆ ಆ ಸಂಖ್ಯೆಯ ಬುಕಿಂಗ್ ಇಲ್ಲವೆಂದು ಅರ್ಥ. ಹೇಳಿದ್ದು ಮುಂದೆ ನಿಂತಿರುವ ಪ್ರಾಕ್ಸಿಯಾದ ಎಂಜಿನ್‌ಎಕ್ಸ್ ಆಗಿದ್ದರೆ ರಿಕ್ವೆಸ್ಟ್ ನಿಮ್ಮ ಪ್ರೋಗ್ರಾಮಿನವರೆಗೆ ತಲುಪಿಯೇ ಇಲ್ಲ. ಎರಡರ ನಡುವಿನ ಗುರುತು ಬಾಡಿಯಲ್ಲಿರುತ್ತದೆ. ನಿಮ್ಮ ಸರ್ವಿಸ್ ಸದಾ ಜೇಸನ್ ಕೊಡುವುದಾಗಿದ್ದು ಈಗ ಎಚ್‌ಟಿಎಂಎಲ್ ಪುಟ ಬಂದಿದ್ದರೆ ನಡುವೆ ಬೇರೆ ಯಾರೋ ಮಾತನಾಡಿದ್ದಾರೆ. ಜೇಸನ್ ಓದುವ ಕೋಡ್, ಮೊದಲ ಸ್ಥಾನದಲ್ಲೇ ಅನಿರೀಕ್ಷಿತವಾದ < ಚಿಹ್ನೆ ಇದೆ ಎಂದು ದೂರುವುದು ಈ ಕಾರಣದಿಂದಲೇ. ಆಗ ಜೇಸನ್ ಓದುವ ಕೋಡನ್ನು ತಿದ್ದಲು ಹೋಗದೆ, ಬಂದ ಪುಟವನ್ನು ಓದಿ. ಎಷ್ಟೋ ಸಲ ಅದು ಲಾಗಿನ್ ಪುಟವಾಗಿರುತ್ತದೆ.

ಇದರ ವಿರುದ್ಧ ಬಗೆಯ ತೊಂದರೆಯೂ ಉಂಟು. ಕೆಲವು ಸರ್ವಿಸುಗಳು ತಪ್ಪಾದಾಗಲೂ 200 (ಎಲ್ಲ ಸರಿ) ಎಂದೇ ಹೇಳಿ, ತಪ್ಪಿನ ವಿವರವನ್ನು ಬಾಡಿಯೊಳಗೆ ಇಡುತ್ತವೆ. ನಿಮ್ಮ ಟೆಸ್ಟುಗಳು ಸ್ಟೇಟಸ್ ಕೋಡನ್ನಷ್ಟೇ ನೋಡಿ ಪಾಸ್ ಆಗುತ್ತಿದ್ದರೆ ಅವು ಏನನ್ನೂ ಪರೀಕ್ಷಿಸುತ್ತಿಲ್ಲ.

ಮುಂಬೈಯ ಬ್ಯಾಂಕು, ವಿಮಾ ಕಂಪನಿಗಳ ಪ್ರಾಜೆಕ್ಟುಗಳಿಗೆ ಹೋಗುವವರಿಗೆ ಎಕ್ಸ್‌ಎಂಎಲ್ ರೂಪದಲ್ಲಿ ಮಾತನಾಡುವ ಹಳೆಯ ಸೋಪ್ ಸರ್ವಿಸುಗಳು ಇಂದಿಗೂ ಎದುರಾಗುತ್ತವೆ. ಅಲ್ಲಿ ಸೋಪ್‌ಯುಐ ಎಂಬ ಸಾಧನಕ್ಕೆ ಸರ್ವಿಸನ್ನು ವಿವರಿಸುವ ಡಬ್ಲ್ಯೂಎಸ್‌ಡಿಎಲ್ ಫೈಲ್ ಕೊಟ್ಟರೆ ಮಾದರಿ ರಿಕ್ವೆಸ್ಟುಗಳು ತಾವಾಗಿ ತಯಾರಾಗುತ್ತವೆ. ಸೋಪ್ 1.1 ಮತ್ತು 1.2ರಲ್ಲಿ ಕಂಟೆಂಟ್-ಟೈಪ್ ಬೇರೆ ಬೇರೆ ಎಂಬುದು ನೆನಪಿರಲಿ. ಎಕ್ಸ್‌ಎಂಎಲ್ ನೇಮ್‌ಸ್ಪೇಸಿನ (ಟ್ಯಾಗುಗಳು ಯಾವ ಗುಂಪಿನವೆಂಬ ಗುರುತಿನ) ವಿಳಾಸದಲ್ಲಿ ಒಂದು ಓರೆಗೆರೆ ಹೆಚ್ಚು ಕಡಿಮೆಯಾದರೂ ಅದು ಬೇರೆಯದೇ ನೇಮ್‌ಸ್ಪೇಸ್ ಆಗುತ್ತದೆ.

ಹಂತ 4: ದಾರಿಯ ಯಾವ ತುಂಡಿನಲ್ಲಿ ನಿಂತಿದೆ ಎಂದು ನೋಡಿ

ಉತ್ತರವೇ ಬರದಿದ್ದಾಗ ರಿಕ್ವೆಸ್ಟ್ ಸಾಗುವ ದಾರಿಯನ್ನು ತುಂಡುಗಳಾಗಿ ನೋಡಬೇಕು. ಮೊದಲು ಹೆಸರಿನಿಂದ ಐಪಿ ವಿಳಾಸ ಸಿಗಬೇಕು, ಆಮೇಲೆ ಟಿಸಿಪಿ ಸಂಪರ್ಕ, ಅದರ ಮೇಲೆ ಟಿಎಲ್‌ಎಸ್ ಹಸ್ತಲಾಘವ (ಗುಪ್ತ ಸಂಪರ್ಕಕ್ಕೆ ಎರಡೂ ಕಡೆಯ ಒಪ್ಪಂದ), ಕೊನೆಗೆ ಸರ್ವರಿನ ಮೊದಲ ಬೈಟ್. ಪ್ರತಿಯೊಂದು ತುಂಡಿಗೆ ಎಷ್ಟು ಸಮಯ ಹಿಡಿಯಿತೆಂದು ಕರ್ಲ್ ಬೇರೆಬೇರೆಯಾಗಿ ಬರೆದುಕೊಡಬಲ್ಲದು. ನಮ್ಮ ಎಸ್‌ಎಂಎಸ್ ಸರ್ವಿಸ್ ನಿಧಾನವೆಂದು ವಾರಗಟ್ಟಲೆ ದೂರಿದ ಮೇಲೆ ಈ ಅಂಕಿಗಳನ್ನು ನೋಡಿದೆವು. ಸರ್ವರ್ ಬೇಗನೆ ಉತ್ತರಿಸುತ್ತಿತ್ತು, ಸಮಯ ಪೂರ್ತಿ ಹೋಗುತ್ತಿದ್ದದ್ದು ಹೆಸರು ಹುಡುಕುವುದಕ್ಕೆ. ನಾವು ದೂರುತ್ತಿದ್ದದ್ದು ತಪ್ಪು ಕಡೆಯವರನ್ನು.

‘ಕನೆಕ್ಷನ್ ರೆಫ್ಯೂಸ್ಡ್’ ಮತ್ತು ‘ಕನೆಕ್ಷನ್ ಟೈಮ್‌ಔಟ್’ ಎರಡನ್ನೂ ಒಂದೇ ಎಂದು ಭಾವಿಸಬೇಡಿ. ಮೊದಲನೆಯದು ಬಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಮ್ ಇಲ್ಲ. ಎರಡನೆಯದು ಬಂದರೆ ನಡುವೆ ಫೈರ್‌ವಾಲ್ ರಿಕ್ವೆಸ್ಟನ್ನು ಸದ್ದಿಲ್ಲದೆ ಕೈಬಿಟ್ಟಿರಬಹುದು. ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಬಳಸುವವರಿಗೆ ಇನ್ನೊಂದು ಮಾತು: ಕಂಟೇನರಿನೊಳಗಿನಿಂದ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಹೊರತು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಕರ್ಲ್‌ನಲ್ಲಿ ನಡೆದು ಬ್ರೌಸರಿನಲ್ಲಿ ಮಾತ್ರ ನಿಲ್ಲುವ ರಿಕ್ವೆಸ್ಟ್ ಆಗಿದ್ದರೆ ಮೊದಲು ಕಾರ್ಸ್ ನಿಯಮಗಳನ್ನು (ಒಂದು ತಾಣದ ಪುಟ ಇನ್ನೊಂದು ತಾಣದ ಉತ್ತರವನ್ನು ಓದಬಹುದೇ ಎಂಬುದರ ನಿಯಮಗಳನ್ನು) ನೋಡಿ. ಆ ನಿಯಮವನ್ನು ಜಾರಿಗೊಳಿಸುವುದು ಬ್ರೌಸರ್. ಅದು ಮುಂಚಿತವಾಗಿ ಕಳುಹಿಸುವ ಆಪ್ಷನ್ಸ್ ರಿಕ್ವೆಸ್ಟಿಗೆ ನಿಮ್ಮ ಸರ್ವರ್ ತಕ್ಕ ಉತ್ತರ ಕೊಡದಿರಬಹುದು.

ಹಂತ 5: ನಮ್ಮ ಜನರದ್ದರಂಥ ಮಾಹಿತಿಯಿಂದ ಪರೀಕ್ಷಿಸಿ

ಟೆಸ್ಟ್ ಬರೆಯುವಾಗ ನಾವು ಕೊಡುವ ಹೆಸರು, ವಿಳಾಸಗಳು ಯಾವಾಗಲೂ ಇಂಗ್ಲಿಷ್ ಅಕ್ಷರಗಳ ಸರಳ ಹೆಸರುಗಳೇ. ಪುಣೆಯ ಕನ್ನಡಿಗರ ಬಳಗದಲ್ಲಿ ಒಬ್ಬರು ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ, ಇಲ್ಲೇ ಹುಟ್ಟಿ ಬೆಳೆದವರು ದೇವನಾಗರಿಯಲ್ಲಿ, ಉಳಿದವರು ಇಂಗ್ಲಿಷಿನಲ್ಲಿ. ಈ ಹಂತದ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾವು ನೋಡದಿದ್ದರೆ ಇದನ್ನು ನೋಡುವವರು ಬೇರೆ ಯಾರೂ ಇಲ್ಲ.

ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು, ದೇವನಾಗರಿಗೂ ಅಷ್ಟೇ. ‘ಕನ್ನಡ’ ಎಂಬ ಪದ ಓದುವವರಿಗೆ ಮೂರು ಅಕ್ಷರ; ಯೂನಿಕೋಡಿನಲ್ಲಿ ಹಲಂತದ ಗುರುತೂ ಸೇರಿ ಐದು ಸಂಕೇತ; ಸಾಗುವಾಗ ಹದಿನೈದು ಬೈಟ್. ಬಾಡಿಯ ಉದ್ದವನ್ನು ಹೇಳುವ ಕಂಟೆಂಟ್-ಲೆಂತ್ ಹೆಡರನ್ನು ಕೈಯಿಂದ ಬರೆಯುವ ಕೋಡ್ ಬೈಟುಗಳ ಬದಲು ಸಂಕೇತಗಳನ್ನು ಎಣಿಸಿದರೆ ಬಾಡಿ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಇಂಗ್ಲಿಷ್ ಹೆಸರುಗಳಿಗೆ ಮಾತ್ರ ಏನೂ ಆಗುವುದಿಲ್ಲ. ಡೇಟಾಬೇಸಿನಲ್ಲಿಯೂ ಹೀಗೆಯೇ. ಒರಾಕಲ್‌ನಲ್ಲಿ ಬೇರೆ ಏನೂ ಹೇಳದೆ 20 ಎಂದು ಅಳತೆ ಕೊಟ್ಟ ಕಾಲಂ ಸಾಮಾನ್ಯವಾಗಿ 20 ಬೈಟುಗಳ ಕಾಲಂ, ಅದರಲ್ಲಿ ಹಿಡಿಸುವುದು ಕನ್ನಡದ ಆರು ಸಂಕೇತ ಮಾತ್ರ. ಎಸ್‌ಎಂಎಸ್ ಕಳುಹಿಸುವಾಗ ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತವೆ, ಯೂನಿಕೋಡ್ ಸಂದೇಶದಲ್ಲಿ 70. ನಮ್ಮ ಕನ್ನಡ ದೃಢೀಕರಣ ಸಂದೇಶ ಎರಡು ತುಂಡಾಗಿ, ಖರ್ಚೂ ಎರಡರಷ್ಟಾಗುವುದು ಬಿಲ್ ಬಂದ ಮೇಲೆ ತಿಳಿಯಿತು. ಅದನ್ನು ಟೆಸ್ಟಿನಲ್ಲೇ ಎಣಿಸಬಹುದಾಗಿತ್ತು.

ಹೆಸರು ಹುಡುಕಿದಾಗ ಸಿಗದಿರುವುದು ಇನ್ನೊಂದು ಬಗೆಯ ತೊಂದರೆ. ‘ಗೋಪಾಲ’ ಎಂಬಲ್ಲಿನ ಓಕಾರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸುವ ಕೋಡಿಗೆ ಮಾತ್ರ ಎರಡೂ ಬೇರೆ. ಸರ್ವಿಸಿನ ಬಾಗಿಲಲ್ಲೇ ಎಲ್ಲ ಪಠ್ಯವನ್ನು ಒಂದೇ ಬಗೆಯ ಜೋಡಣೆಯಾದ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟರೆ ಇದು ಬಗೆಹರಿಯುತ್ತದೆ. ‘ಶ್ರೀಕಾಂತ್‌ರಾವ್’ ಎಂಬಂಥ ಹೆಸರಿನ ನಡುವೆ ಕಣ್ಣಿಗೆ ಕಾಣದೆ ಕೂರುವ, ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹುಡುಕಾಟಕ್ಕಾಗಿ ಮಾತ್ರ ಅದನ್ನು ತೆಗೆದ ಒಂದು ನಕಲನ್ನು ಬೇರೆಯಾಗಿ ಇಟ್ಟುಕೊಳ್ಳಿ. ಜನರು ಬರೆದುಕೊಟ್ಟ ಹೆಸರನ್ನು ಹಾಗೆಯೇ ಉಳಿಸಿ.

ಮಹಾರಾಷ್ಟ್ರದ ಅರ್ಜಿ ನಮೂನೆಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆತನದ ಹೆಸರು ಎಂಬ ಮೂರು ಜಾಗಗಳಿರುವುದು ರೂಢಿ. ಅದನ್ನೇ ನೋಡಿ ನಾವೂ ಮನೆತನದ ಹೆಸರನ್ನು ಕಡ್ಡಾಯ ಮಾಡಿದ್ದೆವು. ಮೈಸೂರು ಕಡೆಯಿಂದ ಬಂದ, ಒಂದು ಇನಿಷಿಯಲ್ ಮತ್ತು ಒಂದು ಹೆಸರಿನಿಂದ ಬದುಕೆಲ್ಲ ನಡೆಸಿದ ಅಮ್ಮನೊಬ್ಬರಿಗೆ ಆ ಪುಟವನ್ನು ದಾಟಲಾಗಲಿಲ್ಲ. ಸರ್ವಿಸ್ 422 ಕೊಡುತ್ತಿತ್ತು, ನಾವು ಬರೆದ ನಿಯಮದಂತೆ ಅದು ಸರಿಯಾಗಿಯೇ ಕೊಡುತ್ತಿತ್ತು. ನಿಯಮವೇ ತಪ್ಪಾಗಿತ್ತು.

ಮೊಬೈಲ್ ಸಂಖ್ಯೆಯ ಮುಂದಿನ +91ರಲ್ಲಿಯೂ ಒಂದು ದೋಷ ಕಾದು ಕುಳಿತಿರುತ್ತದೆ. ವಿಳಾಸದ ಕ್ವೆರಿ ಭಾಗದಲ್ಲಿ (ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ) ಕೂಡುವ ಚಿಹ್ನೆಯನ್ನು ಹಾಗೆಯೇ ಕಳುಹಿಸಿದರೆ ಅನೇಕ ಸರ್ವರುಗಳು ಅದನ್ನು ಖಾಲಿ ಜಾಗವೆಂದು ಓದುತ್ತವೆ. ಸದಸ್ಯರ ಸಂಖ್ಯೆ ಡೇಟಾಬೇಸಿನಲ್ಲಿದ್ದರೂ ಸಿಗುವುದಿಲ್ಲ. ವಿಳಾಸವನ್ನು ಕೈಯಿಂದ ಜೋಡಿಸದೆ, ಎನ್‌ಕೋಡ್ ಮಾಡುವ ಲೈಬ್ರರಿಯ ಮೂಲಕವೇ ಕಟ್ಟಬೇಕು. ಸಂಖ್ಯೆಗಳ ವಿಷಯದಲ್ಲಿ ಎರಡು ಎಚ್ಚರಿಕೆ: ಜಾವಾಸ್ಕ್ರಿಪ್ಟಿನಲ್ಲಿ ನಂಬಬಹುದಾದ ಅತಿ ದೊಡ್ಡ ಪೂರ್ಣಾಂಕ 9007199254740991, ಅದನ್ನು ಮೀರಿದ ಬುಕಿಂಗ್ ಸಂಖ್ಯೆಗಳ ಕೊನೆಯ ಅಂಕಿಗಳು ಬ್ರೌಸರಿನಲ್ಲಿ ಬದಲಾಗಬಹುದಾದ್ದರಿಂದ ಅವನ್ನು ಪಠ್ಯವಾಗಿ ಕಳುಹಿಸಿ, ದಶಾಂಶಗಳಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲವಾದ್ದರಿಂದ ಹಣವನ್ನು ರೂಪಾಯಿಯ ದಶಾಂಶವಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡಿ.

ಇನ್ನು ದಿನಾಂಕ. ಕಾಕಾ ಅವರ ದೋಷವನ್ನು ಟೆಸ್ಟ್ ಮಾಡಲು ಯಾರೂ ರಾತ್ರಿ ಎದ್ದಿರಬೇಕಾಗಿಲ್ಲ. ಈಗಿನ ಸಮಯ ಎಷ್ಟೆಂದು ಕೋಡ್ ನೇರವಾಗಿ ಯಂತ್ರವನ್ನು ಕೇಳುವ ಬದಲು, ನಾವು ಕೊಡುವ ಒಂದು ಗಡಿಯಾರವನ್ನು ಕೇಳುವಂತೆ ಬರೆಯಿರಿ. ಟೆಸ್ಟಿನಲ್ಲಿ ಆ ಗಡಿಯಾರವನ್ನು ಭಾರತೀಯ ಸಮಯದ ರಾತ್ರಿ 11.59, 12.00, ಬೆಳಗಿನ 5.29, 5.30ಕ್ಕೆ ಇಟ್ಟು ನೋಡಿ.

ಹಂತ 6: ಉತ್ತರ ಕಳೆದುಹೋದರೆ ಏನಾಗುತ್ತದೆ ಎಂದು ಪರೀಕ್ಷಿಸಿ

ಮುಂಬೈ ಮತ್ತು ಪುಣೆಯ ನಡುವೆ ರೈಲಿನಲ್ಲಿ ಓಡಾಡುವವರಿಗೆ ಖಂಡಾಳಾ ಘಟ್ಟದ ಸುರಂಗಗಳು ಗೊತ್ತು. ಅಲ್ಲಿ ಮೊಬೈಲ್ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದುಹೋಗುತ್ತದೆ. ನಮ್ಮ ಸದಸ್ಯರೊಬ್ಬರು ರೈಲಿನಲ್ಲಿ ಕುಳಿತು ಎರಡು ಸೀಟು ಕಾಯ್ದಿರಿಸಲು ಹೋದರು. ರಿಕ್ವೆಸ್ಟ್ ಸರ್ವರಿಗೆ ತಲುಪಿ ಸೀಟು ದಾಖಲಾಯಿತು, ಅಷ್ಟರಲ್ಲಿ ರೈಲು ಸುರಂಗ ಹೊಕ್ಕು ಉತ್ತರ ಅವರಿಗೆ ತಲುಪಲಿಲ್ಲ. ಹೊರಬಂದ ಮೇಲೆ ಅವರು ಮತ್ತೆ ಒತ್ತಿದರು. ನಾಲ್ಕು ಸೀಟು ದಾಖಲಾಗಿ ಹಣವೂ ಎರಡು ಸಲ ಹೋಯಿತು. ಅದನ್ನು ಮರಳಿಸಿ, ಕ್ಷಮೆ ಕೇಳಿದೆವು. ಅವರ ಕಡೆ ಯಾವ ತಪ್ಪೂ ಇರಲಿಲ್ಲ.

ಗೆಟ್, ಪುಟ್, ಡಿಲೀಟ್ ಮೆಥಡ್‌ಗಳನ್ನು ಎರಡು ಬಾರಿ ಕಳುಹಿಸಿದರೂ ಪರಿಣಾಮ ಒಮ್ಮೆ ಕಳುಹಿಸಿದಂತೆಯೇ ಇರಬೇಕೆಂಬುದು ಎಚ್‌ಟಿಟಿಪಿಯ ನಿಯಮ. ಪೋಸ್ಟ್‌ಗೆ ಆ ಭರವಸೆಯಿಲ್ಲ, ಅದನ್ನು ನಾವೇ ಕಟ್ಟಿಕೊಡಬೇಕು. ಬುಕಿಂಗ್ ಪುಟ ತೆರೆದಾಗಲೇ ಪುಟವು ಒಂದು ವಿಶಿಷ್ಟ ಗುರುತನ್ನು ತಯಾರಿಸಿ, ಎಷ್ಟು ಸಲ ಒತ್ತಿದರೂ ಅದೇ ಗುರುತನ್ನು ಹೆಡರಿನಲ್ಲಿ ಕಳುಹಿಸುತ್ತದೆ. ಸರ್ವರ್ ಆ ಗುರುತನ್ನು ಬುಕಿಂಗ್ ಜೊತೆಯಲ್ಲೇ ದಾಖಲಿಸಿ, ಅದೇ ಗುರುತು ಮತ್ತೆ ಬಂದರೆ ಹೊಸ ಬುಕಿಂಗ್ ಮಾಡದೆ ಹಳೆಯ ಉತ್ತರವನ್ನೇ ಮರಳಿ ಕೊಡುತ್ತದೆ.

ಇದನ್ನು ಪರೀಕ್ಷಿಸುವಾಗ ಒಂದರ ಹಿಂದೆ ಒಂದನ್ನು ಕಳುಹಿಸಿ ತೃಪ್ತರಾಗಬೇಡಿ. ಒಂದೇ ಗುರುತಿನ ಹತ್ತು ರಿಕ್ವೆಸ್ಟುಗಳನ್ನು ಏಕಕಾಲಕ್ಕೆ ಕಳುಹಿಸಿ. ಮೊದಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸು ಎಂಬಂತೆ ಬರೆದ ಕೋಡಿನಲ್ಲಿ ಎರಡು ರಿಕ್ವೆಸ್ಟುಗಳು ಒಂದೇ ಕ್ಷಣಕ್ಕೆ ಇಲ್ಲವೆಂದು ಕಂಡು ಎರಡೂ ಸೇರಿಸಿಬಿಡುತ್ತವೆ. ನಮ್ಮ ಮೊದಲ ತಿದ್ದುಪಡಿ ಸೋತದ್ದು ಇಲ್ಲಿಯೇ. ಡೇಟಾಬೇಸಿನಲ್ಲಿ ಆ ಗುರುತಿನ ಕಾಲಂಗೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆ) ಹಾಕಿದ ಮೇಲೆ ಮಾತ್ರ ಅದು ನಿಂತಿತು. ಸುರಂಗದ ಸನ್ನಿವೇಶವನ್ನು ಮೇಜಿನ ಮೇಲೆಯೇ ತರಲು ಎಂಐಟಿಎಂ‌ಪ್ರಾಕ್ಸಿಯಂಥ ನಡುವಿನ ಪ್ರಾಕ್ಸಿಯನ್ನು ಬಳಸಿ, ರಿಕ್ವೆಸ್ಟ್ ಹೋಗಲು ಬಿಟ್ಟು ಉತ್ತರವನ್ನು ಮಾತ್ರ ಬೀಳಿಸಬಹುದು.

ಟೈಮ್‌ಔಟುಗಳನ್ನೂ ಇದೇ ಸಮಯಕ್ಕೆ ಸರಣಿಯಾಗಿ ನೋಡಿ. ಪುಟ 10 ಸೆಕೆಂಡು ಕಾದು ಬಿಟ್ಟುಬಿಡುವುದಾಗಿದ್ದು, ಅದರ ಹಿಂದಿನ ಬುಕಿಂಗ್ ಸರ್ವಿಸ್ ಎಸ್‌ಎಂಎಸ್ ಸರ್ವಿಸಿಗಾಗಿ 30 ಸೆಕೆಂಡು ಕಾಯುವಂತಿದ್ದರೆ, ಆಗಲಿಲ್ಲವೆಂದು ಜನರಿಗೆ ಹೇಳಿದ ಎಷ್ಟೋ ಹೊತ್ತಿನ ಮೇಲೆ ಕೆಲಸ ಆಗಿಬಿಡುತ್ತದೆ. ಒಳಗಿನವರ ಕಾಯುವ ಅವಧಿ ಹೊರಗಿನವರದಕ್ಕಿಂತ ಕಡಿಮೆಯಿರಬೇಕು. ಮರುಪ್ರಯತ್ನಗಳ ನಡುವಿನ ಅಂತರ 1, 2, 4, 8 ಸೆಕೆಂಡುಗಳಂತೆ ಬೆಳೆಯಬೇಕು, ಅದಕ್ಕೆ ಸ್ವಲ್ಪ ಯಾದೃಚ್ಛಿಕ ವಿಳಂಬವನ್ನೂ ಸೇರಿಸಬೇಕು. ಇಲ್ಲದಿದ್ದರೆ ಚೇತರಿಸಿಕೊಳ್ಳುತ್ತಿರುವ ಸರ್ವರಿನ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಯುಪಿಐ ಮುಂತಾದ ಪಾವತಿಗಳಲ್ಲಿ ಉತ್ತರ ಎರಡಲ್ಲ, ಮೂರು: ಆಯಿತು, ಆಗಲಿಲ್ಲ, ಇನ್ನೂ ಬಾಕಿಯಿದೆ. ಮೂರನೆಯದನ್ನು ಆಗಲಿಲ್ಲವೆಂದು ಓದುವ ಕೋಡ್ ಜನರ ಹಣವನ್ನು ಎರಡು ಸಲ ಕೇಳುತ್ತದೆ. ಟೆಸ್ಟಿನಲ್ಲಿ ಪಾವತಿ ಸರ್ವಿಸಿನ ಜಾಗದಲ್ಲಿ ನಿಲ್ಲುವ ನಕಲಿ ಸರ್ವರ್ ಈ ಮೂರನ್ನೂ ಕೊಡುವಂತಿರಬೇಕು. ವೈರ್‌ಮಾಕ್‌ನಂಥ ಸಾಧನಗಳಲ್ಲಿ ಉತ್ತರವನ್ನು ಬೇಕೆಂದಷ್ಟು ತಡ ಮಾಡಿಸಲೂ ಬರುತ್ತದೆ.

ಹಂತ 7: ಲಾಗ್

ಪ್ರತಿ ರಿಕ್ವೆಸ್ಟಿಗೂ ಒಂದು ಗುರುತು ಕೊಟ್ಟು, ಅದು ಹಾದುಹೋಗುವ ಎಲ್ಲ ಸರ್ವಿಸುಗಳ ಲಾಗಿನಲ್ಲೂ (ನಡೆದದ್ದನ್ನು ಬರೆದಿಡುವ ದಾಖಲೆಯಲ್ಲೂ) ಅದೇ ಗುರುತು ಬರುವಂತೆ ಮಾಡಿ. ತಪ್ಪಿನ ಸಂದೇಶದ ಜೊತೆ ಆ ಗುರುತನ್ನು ಪರದೆಯ ಮೇಲೆಯೂ ತೋರಿಸಿದರೆ, ಜನರು ಅದನ್ನೇ ಫೋನಿನಲ್ಲಿ ಓದಿ ಹೇಳಬಹುದು. ಸಮಯವನ್ನು ಯುಟಿಸಿಯಲ್ಲಿ, ಅದು ಯುಟಿಸಿ ಎಂದು ಸ್ಪಷ್ಟವಾಗಿ ಗುರುತಿಸಿ ಬರೆಯಿರಿ. ಓಟಿಪಿ, ಟೋಕನ್, ಪೂರ್ತಿ ಮೊಬೈಲ್ ಸಂಖ್ಯೆ ಲಾಗಿನಲ್ಲಿ ಇರಬಾರದು. ನಿಜವಾದ ಸದಸ್ಯರ ಪಟ್ಟಿಯನ್ನು ಟೆಸ್ಟ್ ಸರ್ವರಿಗೆ ನಕಲು ಮಾಡುವುದೂ ಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ನಮ್ಮನ್ನು ನಂಬಿ ಸಂಖ್ಯೆ ಕೊಟ್ಟವರು ಅದನ್ನು ಕೊಟ್ಟದ್ದು ನಾಟಕದ ಟಿಕೆಟಿಗಾಗಿ.

ಹಂತ 8: ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತಿದ್ದರೆ

ಯಾವ ಬದಲಾವಣೆಯಿಂದ ಕೆಟ್ಟಿತೆಂದು ಊಹಿಸುತ್ತ ಕೂರದೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಸಾಧನದ ಬೈಸೆಕ್ಟ್ ಬಳಸಿ. ಅದು ಪ್ರತಿ ಸಲವೂ ನಡುವಿನ ಕಮಿಟ್ (ದಾಖಲಾದ ಒಂದು ಬದಲಾವಣೆ) ತೋರಿಸಿ ಸರಿಯೋ ತಪ್ಪೋ ಎಂದು ಕೇಳುತ್ತ ಅರ್ಧರ್ಧ ಕತ್ತರಿಸುತ್ತ ಹೋಗುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಹತ್ತು ಸುತ್ತಿನಲ್ಲಿ ತಪ್ಪಿನ ಕಮಿಟ್ ಸಿಗುತ್ತದೆ. ಕೋಡಿನಲ್ಲಿ ಏನೂ ಬದಲಾಗಿಲ್ಲವೆಂದು ಕಂಡರೆ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ, ಡಿಸ್ಕ್‌ನಲ್ಲಿ ಉಳಿದ ಜಾಗ, ಎದುರಿನ ಸರ್ವಿಸಿನ ಹೊಸ ಆವೃತ್ತಿ ಇವುಗಳನ್ನು ಇದೇ ಕ್ರಮದಲ್ಲಿ ನೋಡಿ.

ಹಂತ 9: ಅದೇ ರಿಕ್ವೆಸ್ಟನ್ನು ಮತ್ತೆ ಕಳುಹಿಸಿ

ತಿದ್ದುವ ಮೊದಲೇ, ದೋಷವನ್ನು ತೋರಿಸುವ ಟೆಸ್ಟ್ ಬರೆದು ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ತಿದ್ದಿದ ಮೇಲೆ ಅದೇ ಟೆಸ್ಟ್ ಪಾಸ್ ಆಗಬೇಕು. ಆಮೇಲೆ ಹೊಸ ಆವೃತ್ತಿಯನ್ನು ಸರ್ವರಿಗೆ ಹಾಕಿ, ಅಲ್ಲಿ ನಡೆಯುತ್ತಿರುವುದು ನಿಜವಾಗಿಯೂ ಹೊಸದೇ ಎಂದು ಆವೃತ್ತಿಯ ಸಂಖ್ಯೆಯಿಂದ ಖಚಿತಪಡಿಸಿಕೊಂಡು, ಎರಡನೇ ಹಂತದಲ್ಲಿ ಉಳಿಸಿಟ್ಟ ರಿಕ್ವೆಸ್ಟನ್ನು ಹೊಸ ಟೋಕನ್ ಹೊರತು ಬೇರೇನೂ ಬದಲಿಸದೆ ಕಳುಹಿಸಿ. ಹಳೆಯ ಆವೃತ್ತಿಯೇ ಓಡುತ್ತಿರುವಾಗ ತಿದ್ದುಪಡಿ ಫಲಿಸಲಿಲ್ಲವೆಂದು ಭಾವಿಸಿ, ಸರಿಯಾದ ತಿದ್ದುಪಡಿಯನ್ನೇ ಕಿತ್ತುಹಾಕಿದವರನ್ನು ನಾನು ಬಲ್ಲೆ.

ದೂರು ಕೊಟ್ಟವರಿಗೆ ತಿಳಿಸುವುದೂ ಈ ಹಂತದ ಕೆಲಸವೇ. ಸಮಯದ ದೋಷವನ್ನು ತಿದ್ದಿದ ಸಂಜೆ ಧಾರವಾಡದ ಹುಡುಗಿ ಕೋಥ್ರೂಡಿಗೆ ಫೋನ್ ಮಾಡಿದಳು. “ಕಾಕಾರ, ನೀವ ಹೇಳಿದ್ದ ಖರೇನ ಇತ್ರಿ, ತಪ್ಪ ನಮ್ಮ ಕಡೆ ಇತ್ತು,” ಎಂದಳು. ಅವರ ಎರಡು ಸೀಟು ಅಷ್ಟರಲ್ಲಿ ದಾಖಲಾಗಿದ್ದವು, ಮುಂದಿನಿಂದ ಮೂರನೇ ಸಾಲಿನಲ್ಲಿ.